ಕಾಕಾನ ಕಾಲು ಯಾಕೆ ಬೆವರುವುದಿಲ್ಲ?

ಬೇಸಿಗೆ ರಜೆಯ ಒಂದು ಮಧ್ಯಾಹ್ನ. ಮೇ ತಿಂಗಳಲ್ಲಿ ನಮ್ಮ ಆದಿತ್ಯನಗರದಲ್ಲಿ ಬಿಸಿಲು 40 ಡಿಗ್ರಿ ದಾಟುವುದು ಸುದ್ದಿಯೇ ಅಲ್ಲ. ಕರೆಂಟು ಹೋಗಿತ್ತು. ಮಳಖೇಡದಿಂದ ಬಂದ ನನ್ನ ತಮ್ಮನ ಮಗ ಪಡಸಾಲೆಯಲ್ಲಿ ಗಾಲಿಕುರ್ಚಿಯ ಮೇಲೆ ಕುಳಿತಿದ್ದ. ಮೊಮ್ಮಗಳು ಅವನಿಗೆ ಬೀಸಣಿಗೆಯಿಂದ ಗಾಳಿ ಹಾಕುತ್ತಿದ್ದವಳು ತಟ್ಟನೆ ನಿಲ್ಲಿಸಿ ಕೇಳಿದಳು:

“ಮುತ್ಯಾ, ಕಾಕಾನ ಮಾರಿ ತುಂಬ ಬೆವರದ. ಕಾಲಿಗೆ ನೋಡಿದ್ರ ಒಂದು ಹನಿನೂ ಇಲ್ಲ. ಮುಟ್ಟಿದ್ರ ಸುಡ್ತದ. ಯಾಕ?”

ಎಂಟು ವರ್ಷದ ಹುಡುಗಿ ಒಂದೇ ನೋಟಕ್ಕೆ ಕಂಡದ್ದನ್ನು ಕಂಡುಕೊಳ್ಳಲು ನಮಗೆ ದೊಡ್ಡವರಿಗೆ ವರ್ಷಗಳೇ ಬೇಕಾಗಿದ್ದವು.

ಹನ್ನೊಂದು ವರ್ಷಗಳ ಹಿಂದೆ, ಇಂಥದೇ ಬೇಸಿಗೆ. ಸೆಕೆ ತಾಳದೆ ಮಾಳಿಗೆಯ ಮೇಲೆ ಮಲಗುವುದು ನಮ್ಮ ಕಡೆ ರೂಢಿ. ತಮ್ಮನ ಮನೆಯಲ್ಲಿ ನಾನೂ ಅಂದು ಮಾಳಿಗೆಯ ಮೇಲೇ ಮಲಗಿದ್ದೆ. ನಡುರಾತ್ರಿ ನಿದ್ದೆಗಣ್ಣಿನಲ್ಲಿ ಎದ್ದ ಹುಡುಗ ಅಂಚು ಕಾಣದೆ ಕೆಳಗಿನ ಫರ್ಸಿಕಲ್ಲಿನ ಮೇಲೆ ಬಿದ್ದ. ನಾವು ನಾಲ್ವರು ಓಡಿಹೋಗಿ, ಕೈಕಾಲು ಹಿಡಿದೆತ್ತಿ ಟಂಟಂನಲ್ಲಿ ಮುದುಡಿ ಕೂರಿಸಿದೆವು. ರಟ್ಟೆ ಹಿಡಿದವನು ನಾನು. ಬಿದ್ದಾಗ ಎಷ್ಟು ಪೆಟ್ಟಾಗಿತ್ತು, ನಾವು ಎತ್ತಿದ್ದರಿಂದ ಎಷ್ಟು ಹೆಚ್ಚಾಯಿತು ಎಂದು ಆಮೇಲೆ ಡಾಕ್ಟರನ್ನು ಕೇಳಿದೆ. “ಅದನ್ನು ಈಗ ಯಾರೂ ಹೇಳಲಾರರು” ಎಂದರು. ಆ ಮಾತು ಇವತ್ತಿಗೂ ನನ್ನನ್ನು ಬಿಟ್ಟಿಲ್ಲ.

ಇನ್ನು ಮೊಮ್ಮಗಳ ಪ್ರಶ್ನೆಗೆ ಬರೋಣ. ನಾನು ಬಿ.ಕಾಂ. ಓದಿ ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದವನು, ವೈದ್ಯನಲ್ಲ. ಹಾಗಾಗಿ ನನಗೆ ತಿಳಿದ ಲೆಕ್ಕದಲ್ಲೇ ಅವಳಿಗೆ ಹೇಳಿದೆ.

ಮಿದುಳು ಹೆಡ್ ಆಫೀಸು. ಕೈ, ಕಾಲು, ಹೃದಯ, ಚರ್ಮ, ಮೂತ್ರಕೋಶ ಎಲ್ಲ ಬ್ರಾಂಚುಗಳು. ನಡುವಿನ ಟೆಲಿಫೋನ್ ಲೈನೇ ಬೆನ್ನುಹುರಿ. ದೊಡ್ಡವರಲ್ಲಿ ಅದು ಸುಮಾರು 45 ಸೆಂಟಿಮೀಟರ್ ಉದ್ದ, ದಪ್ಪ ನಮ್ಮ ಬೆರಳಿನಷ್ಟೇ. ಬೆನ್ನೆಲುಬಿನ ಮಣಿಗಳ ಒಳಗೆ ಭದ್ರವಾಗಿ ಇಳಿಯುವ ಅದರಿಂದ 31 ಜೋಡಿ ನರಗಳು ಹೊರಟು ಮೈಯೆಲ್ಲ ಹರಡುತ್ತವೆ. ಲೈನು ಎಲ್ಲಿ ತುಂಡಾಯಿತೋ ಅದರ ಕೆಳಗಿನ ಬ್ರಾಂಚುಗಳಿಗೆ ಆಜ್ಞೆ ಮುಟ್ಟದು, ಅಲ್ಲಿಂದ ವರದಿಯೂ ಮೇಲೆ ಬಾರದು. ಕುತ್ತಿಗೆಯ ಮೇಲ್ಭಾಗದಲ್ಲಿ ತುಂಡಾದರೆ ಉಸಿರಾಟವೇ ಕಷ್ಟ. ಇವನಿಗೆ ಪೆಟ್ಟಾದದ್ದು ಎದೆಯ ಮಟ್ಟದಲ್ಲಿ. ಅದಕ್ಕೇ ಕೈ ಉಳಿದವು, ಕಾಲು ಹೋದವು.

ನಮಗೆಲ್ಲ ಕಾಣುವುದು ಕಾಲು ಹೋದದ್ದು ಮಾತ್ರ. ಆದರೆ ‘ಬೆವರು’ ಎಂಬ ಆಜ್ಞೆಯೂ ಅದೇ ಲೈನಿನಲ್ಲಿ ಹೋಗಬೇಕು. ಮೈ ಕಾದಾಗ ಮಿದುಳು ಆಜ್ಞೆ ಕೊಡುತ್ತದೆ. ಮುಖ, ಕುತ್ತಿಗೆಗೆ ಅದು ಮುಟ್ಟುತ್ತದೆ, ಕೆಳಗೆ ಮುಟ್ಟುವುದಿಲ್ಲ. ಬೆವರಿಲ್ಲದ ಮೈ ತಣಿಯುವುದು ಹೇಗೆ? ನಮಗೆ ಬರೀ ಸೆಕೆಯಾಗುವ ದಿನ ಅವನಿಗೆ ಜ್ವರದಂತೆ ಮೈ ಏರುತ್ತದೆ. ಚಳಿಗಾಲದಲ್ಲಿ ಇದರ ತಿರುವು: ಕೆಳಗಿನ ಸ್ನಾಯುಗಳಿಗೆ ನಡುಗಿ ಶಾಖ ಹುಟ್ಟಿಸುವ ಆಜ್ಞೆ ಬರುವುದಿಲ್ಲ. ಅದಕ್ಕೇ ನಮ್ಮ ಬಿಸಿಲಿನಲ್ಲಿ ಅವನಿಗೆ ಒದ್ದೆ ಬಟ್ಟೆ, ನೀರು, ನೆರಳು ಔಷಧಿಯಷ್ಟೇ ಮುಖ್ಯ.

ಇದಕ್ಕಿಂತ ಹೆದರಿಸಿದ್ದು ಇನ್ನೊಂದು ರಾತ್ರಿ.

“ದೊಡ್ಡಪ್ಪಾ, ತಲಿ ಸಿಡಿಲಿಕ್ಕತ್ತದ” ಎಂದು ಅವನು ಒರಲಿದ. ಮುಖ ಕೆಂಪಗೆ, ಹಣೆಯ ಮೇಲೆ ಬೆವರು. ಸಾಮಾನ್ಯವಾಗಿ 100ರ ಆಸುಪಾಸಿನಲ್ಲಿರುವ ಅವನ ರಕ್ತದೊತ್ತಡದ ಮೇಲಿನ ಅಂಕಿ 170 ತೋರಿಸಿತು. ನಾನು ಮಲಗಿಸಲು ಹೋದೆ. ಅವನ ತಾಯಿ ನನ್ನನ್ನು ತಡೆದು, ಅವನನ್ನು ನೆಟ್ಟಗೆ ಕೂರಿಸಿ, ಕಾಲು ಇಳಿಬಿಟ್ಟು, ಹೊದಿಕೆ ಸರಿಸಿ ನೋಡಿದಳು. ಮೂತ್ರದ ಕ್ಯಾತಿಟರ್ ಪೈಪು ತೊಡೆಯ ಅಡಿಗೆ ಸಿಕ್ಕಿ ಮಡಚಿಕೊಂಡಿತ್ತು. ಬಿಡಿಸಿದಳು. ಸ್ವಲ್ಪ ಹೊತ್ತಿನಲ್ಲೇ ತಲೆನೋವು ಇಳಿಯಿತು.

ಪೈಪು ಮಡಚಿದರೆ ತಲೆ ಸಿಡಿಯುವುದೇಕೆ? ಬ್ರಾಂಚಿನಲ್ಲಿ ಮ್ಯಾನೇಜರರಿಗೆ ಹೆಡ್ ಆಫೀಸನ್ನು ಕೇಳದೆ ನಿರ್ಧರಿಸುವ ಒಂದಿಷ್ಟು ಅಧಿಕಾರ ಇರುತ್ತದಲ್ಲ, ಬೆನ್ನುಹುರಿಗೂ ಹಾಗೆಯೇ ಇದೆ. ಮೂತ್ರಕೋಶ ತುಂಬಿ ಬಿಗಿಯಾದಾಗ ಆ ದೂರು ಮೇಲೆ ಹೋಗಲಾರದೆ ಅಲ್ಲೇ ನಿಲ್ಲುತ್ತದೆ. ಕೆಳಗಿನ ಬೆನ್ನುಹುರಿ ತಾನೇ ಗಾಬರಿಯಾಗಿ ರಕ್ತನಾಳಗಳನ್ನು ಬಿಗಿದುಬಿಡುತ್ತದೆ. ರಕ್ತದೊತ್ತಡ ಏರುತ್ತದೆ. ಮಿದುಳಿಗೆ ಅದು ತಿಳಿದು, ಬೇರೆ ದಾರಿಯ ನರದಿಂದ ಹೃದಯವನ್ನು ನಿಧಾನಿಸುತ್ತದೆ, ಆದರೆ ‘ನಾಳ ಸಡಿಲಿಸು’ ಎಂಬ ಆಜ್ಞೆ ಮಾತ್ರ ಕೆಳಗೆ ಮುಟ್ಟದು. ಹೀಗೇ ಬಿಟ್ಟರೆ ಮಿದುಳಿನಲ್ಲಿ ರಕ್ತಸ್ರಾವವಾಗಿ ಜೀವಕ್ಕೇ ಅಪಾಯ. ಎದೆಯ ಮೇಲ್ಭಾಗ ಅಥವಾ ಕುತ್ತಿಗೆಯಲ್ಲಿ ಪೆಟ್ಟಾದವರ ಮನೆಯವರೆಲ್ಲ ತಿಳಿದಿರಲೇಬೇಕಾದ ಸಂಗತಿ ಇದು: ಕೂರಿಸಿ, ಬಿಗಿಬಟ್ಟೆ ಸಡಿಲಿಸಿ, ಕಾರಣ ಹುಡುಕಿ. ಇಳಿಯದಿದ್ದರೆ ತಡಮಾಡದೆ ಆಸ್ಪತ್ರೆಗೆ ಒಯ್ಯಿರಿ.

ಚರ್ಮದ್ದು ಮತ್ತೊಂದು ಕತೆ. ನೀವು ಈ ಪುಟ ಓದುವಷ್ಟರಲ್ಲಿ ಎಷ್ಟು ಸಲ ಮಗ್ಗುಲು ಬದಲಿಸಿದಿರಿ, ಎಣಿಸಿದ್ದೀರಾ? ಒತ್ತಿದ ಜಾಗಕ್ಕೆ ರಕ್ತ ಹರಿಯದಾದಾಗ ಚರ್ಮ ‘ಅಲುಗಾಡು’ ಎನ್ನುತ್ತದೆ, ನಮಗೆ ಗೊತ್ತಾಗದೆಯೇ ಅಲುಗುತ್ತೇವೆ. ಅವನಿಗೆ ಆ ಸುದ್ದಿ ಬರುವುದಿಲ್ಲ. ನೋವಿಲ್ಲದೆಯೇ ಹುಣ್ಣಾಗಿ ಎಲುಬು ಮುಟ್ಟುತ್ತದೆ.

ಒಂದು ಕಾಲದಲ್ಲಿ ಬೆನ್ನುಹುರಿ ಮುರಿದವರಲ್ಲಿ ಬಹಳ ಮಂದಿ ಸಾಯುತ್ತಿದ್ದದ್ದು ಈ ಹುಣ್ಣಿನಿಂದ, ಇಲ್ಲವೇ ಮೂತ್ರದ ಸೋಂಕಿನಿಂದ. ಹಿಟ್ಲರನ ಜರ್ಮನಿಯಿಂದ ತಪ್ಪಿಸಿಕೊಂಡು ಬಂದಿದ್ದ ಲುಡ್ವಿಗ್ ಗಟ್ಮನ್ ಎಂಬ ವೈದ್ಯರು 1944ರಲ್ಲಿ ಇಂಗ್ಲೆಂಡಿನ ಸ್ಟೋಕ್ ಮ್ಯಾಂಡೆವಿಲ್ ಆಸ್ಪತ್ರೆಯಲ್ಲಿ ಇಂಥವರಿಗಾಗಿಯೇ ವಿಭಾಗ ತೆರೆದರು. ಅವರು ತಂದ ಬದಲಾವಣೆ ಕೇಳಿದರೆ ತೀರ ಸಣ್ಣದು: ಹಗಲು ರಾತ್ರಿ ಎರಡೆರಡು ಗಂಟೆಗೊಮ್ಮೆ ಮಗ್ಗುಲು ಬದಲಿಸುವುದು, ಮೂತ್ರಕೋಶವನ್ನು ಶುಚಿಯಾಗಿ ನೋಡಿಕೊಳ್ಳುವುದು, ಎದ್ದು ಕೂತು ಆಟ ಆಡಿಸುವುದು. 1948ರಲ್ಲಿ ಅಲ್ಲಿ 16 ಜನರಿಂದ ಶುರುವಾದ ಬಿಲ್ಲುಗಾರಿಕೆಯೇ ಮುಂದೆ ಪ್ಯಾರಾಲಿಂಪಿಕ್ಸ್ ಆಯಿತು. ನಮ್ಮ ಬೆಳಗಾವಿ, ವಿಜಯಪುರಗಳಿಗೆ ಹೊಂದಿಕೊಂಡ ಸಾಂಗ್ಲಿ ಜಿಲ್ಲೆಯ ಮುರಳಿಕಾಂತ್ ಪೇಟ್ಕರ್, 1965ರ ಯುದ್ಧದಲ್ಲಿ ಗುಂಡು ತಗುಲಿ ಕಾಲಿನ ಬಲ ಕಳೆದುಕೊಂಡ ಯೋಧ, 1972ರಲ್ಲಿ ಹೈಡೆಲ್‌ಬರ್ಗ್‌ನಲ್ಲಿ 50 ಮೀಟರ್ ಈಜಿನಲ್ಲಿ ಭಾರತಕ್ಕೆ ಮೊದಲ ಪ್ಯಾರಾಲಿಂಪಿಕ್ ಚಿನ್ನ ತಂದರು.

ಈ ಸಣ್ಣ ಅಭ್ಯಾಸಗಳನ್ನು ಕಲಿಸುವವರು ನಮ್ಮ ರಾಜ್ಯದಲ್ಲೂ ಇದ್ದಾರೆ. ಬೆಂಗಳೂರಿನಲ್ಲಿ ಅಸೋಸಿಯೇಷನ್ ಆಫ್ ಪೀಪಲ್ ವಿತ್ ಡಿಸಬಿಲಿಟಿ ಇದೆ, ಬೆಳ್ತಂಗಡಿ ತಾಲ್ಲೂಕಿನ ಸೌತಡ್ಕದಲ್ಲಿ ಸೇವಾಧಾಮ ಇದೆ.

ಎಲ್ಲ ಕೇಳಿಸಿಕೊಂಡ ಮೊಮ್ಮಗಳು ಒಳಗೆ ಹೋಗಿ ಒದ್ದೆ ಟವೆಲು ತಂದು ಕಾಕಾನ ಕಾಲಿನ ಮೇಲೆ ಹೊದಿಸಿದಳು. ನನ್ನ ಮೊಬೈಲಿನಲ್ಲಿ ಅರ್ಧ ಗಂಟೆಗೊಂದು ಅಲಾರಂ ಇಟ್ಟಳು. ಅದು ಹೊಡೆದಾಗಲೆಲ್ಲ “ಕಾಕಾ, ಏಳು!” ಎನ್ನುತ್ತಾಳೆ. ಅವನು ನಗುತ್ತ ಕೈಯೂರಿ ಮೈಯನ್ನು ಕುರ್ಚಿಯಿಂದ ಮೇಲೆತ್ತಿ ಒಂದಿಷ್ಟು ಹೊತ್ತು ಹಿಡಿಯುತ್ತಾನೆ.

ಮಕ್ಕಳೇ, ಕೊನೆಗೊಂದು ಮಾತು. ಯಾರಾದರೂ ಮರದಿಂದಲೋ ಮಾಳಿಗೆಯಿಂದಲೋ ಬಿದ್ದರೆ, ಬೈಕಿನಿಂದ ಎಗರಿ ಬಿದ್ದರೆ, ಕೈಕಾಲು ಹಿಡಿದು ಎತ್ತಲು ಬಿಡಬೇಡಿ, ಕೂರಿಸಲೂ ಬಿಡಬೇಡಿ. ತಲೆ, ಕುತ್ತಿಗೆ ಅಲುಗದಂತೆ ಹಿಡಿದುಕೊಳ್ಳಲು ಹೇಳಿ, 108ಕ್ಕೆ ಫೋನ್ ಮಾಡಿಸಿ. ಅಲ್ಲಿಂದ ಸರಿಸಲೇಬೇಕಾದರೆ ತಲೆ, ಕುತ್ತಿಗೆ, ಬೆನ್ನು ಒಂದೇ ಸಾಲಿನಲ್ಲಿರುವಂತೆ ಹಲಗೆಯ ಮೇಲೆ ಮಲಗಿಸಬೇಕು. ದೊಡ್ಡವರು ಗದರಿಸಿದರೂ ಹೇಳಿ. ಆ ರಾತ್ರಿ ನನಗೆ ಹೀಗೆ ಹೇಳುವವರು ಯಾರೂ ಇರಲಿಲ್ಲ.