ಬೆಂಗಳೂರಿಗೆ ತಪ್ಪಿದ ವಿಶ್ವಕಪ್

ಕ್ರಿಕೆಟ್ ಬಗ್ಗೆ ಬರೆಯಲು ನಾನೇನು ಪಂಡಿತನಲ್ಲ. ಆದರೂ 2025ರ ಮಹಿಳಾ ವಿಶ್ವಕಪ್ ಬಗ್ಗೆ ಎರಡು ಮಾತು ಹೇಳಲೇಬೇಕು ಅನಿಸಿದೆ. ಮೊದಲ ವೇಳಾಪಟ್ಟಿಯಲ್ಲಿ ಸೆಪ್ಟೆಂಬರ್ 30ರ ಆರಂಭದ ಪಂದ್ಯ ಬೆಂಗಳೂರಿನಲ್ಲಿತ್ತು. ಪಾಕಿಸ್ತಾನ ಫೈನಲ್‌ಗೆ ಬಾರದಿದ್ದರೆ ನವೆಂಬರ್ 2ರ ಫೈನಲ್ ಕೂಡ ಅಲ್ಲಿಯೇ. ಆಗಸ್ಟ್‌ನಲ್ಲಿ ಪಟ್ಟಿ ಬದಲಾಯಿತು. ಆರಂಭದ ಪಂದ್ಯ ಗುವಾಹಾಟಿಗೆ ಹೋಯಿತು, ಫೈನಲ್ ನವಿ ಮುಂಬೈಗೆ ಬಂತು.

"ಬಂತು" ಎಂದು ಬರೆದೆ ನೋಡಿ! ಗಡಿಯಾಚೆಯ ಕನ್ನಡಿಗರ ಫಜೀತಿ ಇದೇ. ಮಾತು ಆ ಕಡೆಯದು, ರೇಷನ್ ಕಾರ್ಡು ಈ ಕಡೆಯದು. ಮಕ್ಕಳೂ ಅದನ್ನೇ ಕೇಳಿದರು, "ಸರ್, ಮ್ಯಾಚ್ ನಮ್ಮದು ಹೋಯ್ತೋ, ನಮ್ಮಲ್ಲಿಗೆ ಬಂತೋ?"

ಕೆಲವು ಗೆಳೆಯರು ಮುಂಬೈಯವರು ಕಸಿದುಕೊಂಡರು ಎಂದು ಸಿಟ್ಟಾದರು. ನಾನು ಒಪ್ಪುವುದಿಲ್ಲ. 2011ರಲ್ಲಿ ಕೋಲ್ಕತ್ತದ ಈಡನ್ ಗಾರ್ಡನ್ಸ್ ಸಿದ್ಧವಾಗಲಿಲ್ಲವೆಂದು ಭಾರತ-ಇಂಗ್ಲೆಂಡ್ ಪಂದ್ಯ ಬೆಂಗಳೂರಿಗೆ ಬಂದಿತ್ತು. ಎರಡೂ ತಂಡ 338, ಟೈ! ಅಂದು ಯಾರೂ ಕೋಲ್ಕತ್ತದಿಂದ ಕಸಿದೆವು ಅನ್ನಲಿಲ್ಲ. ಆದರೆ ಆ ಪಂದ್ಯಕ್ಕೆ ಮೂರು ದಿನ ಮೊದಲು, ರಾತ್ರಿಯಿಡೀ ಟಿಕೆಟ್ ಸಾಲಿನಲ್ಲಿ ನಿಂತವರ ಮೇಲೆ ಲಾಠಿ ಬೀಸಿದ್ದನ್ನು ಮರೆತೇಬಿಟ್ಟಿದ್ದೇವೆ. ಸುಮಾರು 40 ಸಾವಿರ ಜನ ಹಿಡಿಸುವ ಕ್ರೀಡಾಂಗಣದಲ್ಲಿ ಸಾರ್ವಜನಿಕರಿಗೆ ಮಾರಿದ್ದು ಕೆಲವೇ ಸಾವಿರ ಟಿಕೆಟ್.

ಹಾಗಂತ ಬೆಂಗಳೂರಿಗೆ ಅತಿಥಿಗಳನ್ನು ಕರೆಯಲು ಬರುವುದಿಲ್ಲ ಎಂದಲ್ಲ. 2023ರ ನವೆಂಬರ್ 4ರಂದು ನ್ಯೂಜಿಲೆಂಡ್ ಪರ ರಚಿನ್ ರವೀಂದ್ರ ಪಾಕಿಸ್ತಾನದ ವಿರುದ್ಧ 108 ಹೊಡೆದ. ತಂದೆತಾಯಿ ಬೆಂಗಳೂರಿನವರು, ಅಜ್ಜ-ಅಜ್ಜಿಯ ಮನೆ ಅಲ್ಲಿಯೇ, ಆಡುವುದು ಮಾತ್ರ ಬೇರೆ ದೇಶಕ್ಕೆ. ಗ್ಯಾಲರಿಯ ಜನ ಅವನ ಹೆಸರು ಹಿಡಿದು ಕೂಗುತ್ತಿದ್ದರೆ ನನಗಂತೂ ಕಣ್ಣು ತುಂಬಿ ಬಂತು. ಯಾವ ದೇಶದ ಅಂಗಿ ತೊಟ್ಟಿದ್ದಾನೆ ಎಂದು ಯಾರೂ ನೋಡಲಿಲ್ಲ, ಮನೆಯ ಮಗ ಬಂದ ಅಂದರು. ನಮ್ಮ ಕಡೆಯ ಮಕ್ಕಳನ್ನೂ ಹೀಗೆ ಯಾರಾದರೂ ಕರೆದಾರೆಯೇ ಅಂತ ಒಂದು ಆಸೆ, ಇರಲಿ. ಅದೇ ತಿಂಗಳ 12ರಂದು, ದೀಪಾವಳಿಯ ದಿನ, ಕೆ.ಎಲ್. ರಾಹುಲ್ ನೆದರ್ಲೆಂಡ್ಸ್ ವಿರುದ್ಧ 62 ಎಸೆತಗಳಲ್ಲಿ ಶತಕ ಹೊಡೆದದ್ದೂ ಅಲ್ಲಿಯೇ.

ಆಮೇಲೆ ಬಂತು 2025ರ ಜೂನ್ 4. ಹಿಂದಿನ ರಾತ್ರಿ ಆರ್‌ಸಿಬಿ ಅಹಮದಾಬಾದಿನಲ್ಲಿ ಐಪಿಎಲ್ ಗೆದ್ದಿತ್ತು. ಮರುದಿನವೇ ವಿಧಾನಸೌಧದಲ್ಲೂ ಕ್ರೀಡಾಂಗಣದಲ್ಲೂ ಸನ್ಮಾನ. ಲಕ್ಷಗಟ್ಟಲೆ ಜನ ಸೇರಿದರು, ಗೇಟುಗಳ ಹೊರಗೆ 11 ಜನ ಸತ್ತರು. ಸಂಭ್ರಮ ಸೂತಕವಾಗುವುದು ಈ ಭಾಗದವರಿಗೆ ಹೊಸದಲ್ಲ. 1993ರ ಸೆಪ್ಟೆಂಬರ್‌ನಲ್ಲಿ ಗಣಪತಿ ಕಳಿಸಿ ಮಲಗಿದ ಊರುಗಳು 30ರ ಬೆಳಗಾಗುವುದರೊಳಗೆ ಮಣ್ಣಾಗಿದ್ದವು. ಕಿಲ್ಲಾರಿಯ ಹೆಸರು ಎಲ್ಲರಿಗೂ ಗೊತ್ತು, ನಮ್ಮ ಲೋಹಾರಾ ತಾಲೂಕಿನ ಸಾಸ್ತೂರೂ ಅದರಲ್ಲಿ ಒಂದು. ಆದರೆ ಅದು ಭೂಕಂಪ. ಕ್ರೀಡಾಂಗಣದ ಗೇಟು ಮನುಷ್ಯರ ಕೈಯಲ್ಲಿತ್ತು.

ಚಿಕ್ಕ ಊರಿನ ಜಾತ್ರೆಯಲ್ಲೂ ತೇರು ಎಳೆಯುವ ಮೊದಲು ಗಾಲಿಗೆ ಮರದ ತುಂಡು ಕೊಡುವವರು ಯಾರು, ಮಕ್ಕಳನ್ನು ಹಿಂದೆ ಸರಿಸುವವರು ಯಾರು ಎಂದು ಹಿರಿಯರು ಮೊದಲೇ ಗೊತ್ತು ಮಾಡುತ್ತಾರೆ. ಒಂದೇ ರಾತ್ರಿಯಲ್ಲಿ ಜಾತ್ರೆ ಕೂಡಿಸುವವರನ್ನು ಊರು ಒಪ್ಪುವುದಿಲ್ಲ. ತಪ್ಪು ಯಾರದೆಂದು ತನಿಖೆ, ನ್ಯಾಯಾಲಯ ನೋಡಿಕೊಳ್ಳಲಿ. ಕ್ರೀಡಾಂಗಣ ದೊಡ್ಡ ಜನಸಂದಣಿಗೆ ಸುರಕ್ಷಿತವಲ್ಲ ಎಂದು ವಿಚಾರಣಾ ಆಯೋಗ ಹೇಳಿದ ಮೇಲೂ ವಿಶ್ವಕಪ್ ಅಲ್ಲೇ ಆಗಲಿ ಎಂದು ಹಟ ಹಿಡಿಯುವುದು ಅಭಿಮಾನವಲ್ಲ. 2026ರ ಟಿ-20 ವಿಶ್ವಕಪ್‌ಗೆ ಆರಿಸಿದ ನಗರಗಳಲ್ಲೂ ಬೆಂಗಳೂರು ಇರಲಿಲ್ಲ. ನೋವಾಗುತ್ತದೆ, ಆದರೆ ಅವಮಾನ ಅನ್ನಲಾರೆ.

ಇನ್ನು ನವಿ ಮುಂಬೈ ಫೈನಲ್. ಮಳೆಯಿಂದ ಎರಡು ತಾಸು ತಡವಾದರೂ ಜನ ಕದಲಲಿಲ್ಲ. ನಡುರಾತ್ರಿಯ ಹೊತ್ತಿಗೆ ನಮ್ಮ ಹೆಣ್ಣುಮಕ್ಕಳು ದಕ್ಷಿಣ ಆಫ್ರಿಕಾವನ್ನು 52 ರನ್‌ಗಳಿಂದ ಸೋಲಿಸಿ ಮೊದಲ ಸಲ ವಿಶ್ವಕಪ್ ಗೆದ್ದರು. ಆ ತಂಡದ ಸ್ಮೃತಿ ಮಂಧಾನ ಬೆಳೆದದ್ದು ಸಾಂಗ್ಲಿಯಲ್ಲಿ. ಅದೇ ಜಿಲ್ಲೆಯ ಜತ್ತ ತಾಲೂಕಿನಲ್ಲಿ ನಮ್ಮಂಥವೇ ಕನ್ನಡ ಶಾಲೆಗಳಿವೆ. ಹಾಗಾಗಿ ಮಕ್ಕಳ ಪ್ರಶ್ನೆಗೆ ನಾನು ಕೊಟ್ಟ ಉತ್ತರ, "ಎರಡೂ ನಮ್ಮದೇ."

ಬೆಂಗಳೂರಿಗೆ ಮತ್ತೆ ವಿಶ್ವಕಪ್ ಬರಲಿ. ಆಗ ಟಿಕೆಟ್ ಇಲ್ಲದವರಿಗೂ ಊರ ಮೈದಾನಗಳಲ್ಲಿ ದೊಡ್ಡ ಪರದೆ ಕಟ್ಟಲಿ, ಕುಡಿಯಲು ನೀರಿಡಲಿ, ಹೊರಗೆ ಹೋಗುವ ದಾರಿಯನ್ನು ಅಗಲವಾಗಿ ಬಿಡಲಿ. ಉಮರ್ಗಾದಿಂದ ಬಸ್ಸು ಹತ್ತಿ, ಕಲಬುರಗಿಯಲ್ಲಿ ರೈಲು ಹಿಡಿದು ಅಲ್ಲಿಗೆ ಹೋಗುವ ನಮ್ಮ ಹುಡುಗ ಹುಡುಗಿಯರಿಗೆ ಸಿಗುವುದು ಬಹುಶಃ ಗೇಟಿನ ಹೊರಗಿನ ಜಾಗವೇ.