ಎರಡಕ್ಷರ ಹೇಳ್ರಪ್ಪಾ, ಇಂಜಿನಿಯರ್ರೇ!

ಬಸ್ ಪಾಸಿಗೆ ಒಂದು ಬೋನಫೈಡ್ ಸರ್ಟಿಫಿಕೇಟ್ ಬೇಕಿತ್ತು. ಡಿಪಾರ್ಟ್‌ಮೆಂಟ್ ಆಫೀಸಿಗೆ ಹೋದ್ವಿ. ಸಹಿ ಹಾಕೋರು ಊಟಕ್ಕೆ ಹೋಗಿದ್ರು. ಬಾಗಿಲ ಪಕ್ಕದ ಬೆಂಚಿನ ಮೇಲೆ ನಾವು ಮೂರು ಜನ ಕೂತು, ಮೂರು ಫೋನ್ ತೆಗೆದ್ವಿ. ಒಬ್ಬರು ವರ್ಡಲ್, ಒಬ್ಬರು ಸುಡೊಕು, ಇನ್ನೊಬ್ಬರು ರೀಲ್ಸ್. ಎದುರು ಟೇಬಲ್ಲಿನಲ್ಲಿ ಆಫೀಸಿನ ಅಣ್ಣ ಟಿಫಿನ್ ಡಬ್ಬಿಯ ಕೆಳಗಿನ ಪೇಪರನ್ನು ಮೆಲ್ಲಗೆ ಎಳೆದು, ಮಡಚಿ, ಪೆನ್ನು ಹಿಡಿದು ಪದಬಂಧಕ್ಕೆ ಕೂತ್ರು. ಪೆನ್ಸಿಲ್ ಅಲ್ಲ, ಪೆನ್ನು. ಅಷ್ಟು ಧೈರ್ಯ.

ಐದು ನಿಮಿಷ ಆದ ಮೇಲೆ ತಲೆ ಎತ್ತಿ ಕೇಳಿದ್ರು: "ಏನ್ರಪ್ಪಾ ಇಂಜಿನಿಯರ್ರೇ, ಒಂದು ಹೇಳಿ ನೋಡೋಣ. ಕೆರೆ ನೀರು ಹೊರಕ್ಕೆ ಬಿಡೋ ಬಾಯಿ. ಎರಡಕ್ಷರ."

ನಮ್ಮಲ್ಲಿ ಒಬ್ಬ ಸಿವಿಲ್ ಬ್ರಾಂಚು. ಎದೆ ಉಬ್ಬಿಸಿ, "ಸ್ಲೂಸ್ ಗೇಟ್, ಅಣ್ಣಾ" ಅಂದ.

"ಅದು ಇಂಗ್ಲಿಷು. ಕನ್ನಡದ್ದು ಹೇಳಪ್ಪ."

"ಗೇಟು?"

ಅಣ್ಣ ನಕ್ಕುಬಿಟ್ರು. "ತೂಬು ಕಣಪ್ಪಾ, ತೂಬು. ನಿಮ್ಮೂರಲ್ಲಿ ಕೆರೆ ಇಲ್ವಾ?"

ಇದೆ. ಅದೇ ತಮಾಷೆ. ಆ ಗೆಳೆಯನ ಊರು ಕೆ.ಆರ್. ಪೇಟೆ ತಾಲ್ಲೂಕು, ಅವನ ತಾತನ ಗದ್ದೆ ಇರೋದೇ ಕೆರೆ ಕೆಳಗೆ. ಸ್ಲೂಸ್ ಗೇಟಿನ ಕೆಳಗೆ ನೀರು ಎಷ್ಟು ವೇಗದಲ್ಲಿ ಹರಿಯುತ್ತೆ ಅಂತ ಸೂತ್ರ ಹಾಕಿ ಲೆಕ್ಕ ಮಾಡಿ ಕೊಡ್ತಾನೆ. ಆದರೆ ಅವನ ತಾತ ದಿನಾ ಆಡೋ ಎರಡಕ್ಷರದ ಮಾತು ಅವನ ಬಾಯಿಗೆ ಬರಲಿಲ್ಲ. ಅವನನ್ನು ಆಡಿಕೊಳ್ಳೋಕೆ ನಮಗೇನೂ ಹಕ್ಕಿಲ್ಲ, ನಮಗೂ ಬರಲಿಲ್ಲ. ನಾವೆಲ್ಲ ಒಂದನೇ ಕ್ಲಾಸಿಂದ ಇಂಗ್ಲಿಷ್ ಮೀಡಿಯಂ. ಕನ್ನಡದಲ್ಲಿ ಸ್ನೇಹ ಮಾಡ್ತೀವಿ, ಜಗಳ ಆಡ್ತೀವಿ, ಸಿನಿಮಾ ನೋಡ್ತೀವಿ. ಆದರೆ ಪದಬಂಧದ ಮನೆ ಎದುರು ನಿಂತರೆ ಬಾಗಿಲು ತೆಗೆಯೋಕೆ ಬರಲ್ಲ.

ಈ ಲೇಖನದಲ್ಲಿ ನಾವು ಹೇಳಬೇಕು ಅಂತಿರೋದು ಇಷ್ಟೇ: ನಮ್ಮ ಕನ್ನಡ ಸಂಘ ಇನ್ನು ಮುಂದೆ ಪ್ರತಿ ಸಂಚಿಕೆಗೆ ಒಂದು ಪದಬಂಧ ಮಾಡಬೇಕು. ಬಿಡಿಸೋದಲ್ಲ, ನಾವೇ ಹೆಣೆಯಬೇಕು. ಯಾಕೆ ಅಂತ ಹೇಳ್ತೀವಿ, ಮಧ್ಯದಲ್ಲಿ ರೀಲ್ಸ್‌ಗೆ ಓಡಬೇಡಿ.

ಮೊದಲು ಒಂದು ಭ್ರಮೆ ಬಿಡೋಣ. "ಪಜಲ್ ಬಿಡಿಸಿದ್ರೆ ಬ್ರೇನ್ ಶಾರ್ಪ್ ಆಗುತ್ತೆ, ಪ್ಲೇಸ್‌ಮೆಂಟಿಗೆ ಹೆಲ್ಪ್ ಆಗುತ್ತೆ" ಅನ್ನೋ ಮಾತು. ಮಿದುಳಿಗೆ ವ್ಯಾಯಾಮ ಅಂತ ಜಾಹೀರಾತು ಕೊಟ್ಟು ಆಪ್‌ಗಳು ದುಡ್ಡು ಮಾಡ್ತವೆ. ಲುಮೋಸಿಟಿ ಅನ್ನೋ ಆಪ್ ಇದೇ ರೀತಿ ದೊಡ್ಡ ದೊಡ್ಡ ಮಾತಾಡಿದ್ದಕ್ಕೆ, ಅದನ್ನು ಸಾಬೀತು ಮಾಡೋ ಪುರಾವೆ ಇಲ್ಲ ಅಂತ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ ಕೇಸು ಹಾಕಿ, 2016ರ ಜನವರಿಯಲ್ಲಿ ಕಂಪನಿ 20 ಲಕ್ಷ ಡಾಲರ್ ಕಟ್ಟೋಕೆ ಒಪ್ಪಿಕೊಳ್ತು. ಸುಡೊಕು ಚೆನ್ನಾಗಿ ಆಡಿದ್ರೆ ಸುಡೊಕು ಚೆನ್ನಾಗಿ ಬರುತ್ತೆ, ಅಷ್ಟು ಮಾತ್ರ ಗ್ಯಾರಂಟಿ.

ಈ ಆಟಗಳನ್ನು ಮಾಡಿದೋರೂ ನಮ್ಮ ಮಿದುಳಿನ ಉದ್ಧಾರಕ್ಕೆ ಅಂತ ಮಾಡಿದ್ದಲ್ಲ. 1913ರ ಡಿಸೆಂಬರ್ 21ರಂದು ನ್ಯೂಯಾರ್ಕ್ ವರ್ಲ್ಡ್ ಪತ್ರಿಕೆಯಲ್ಲಿ ಆರ್ಥರ್ ವಿನ್ ಅನ್ನೋರ ಮೊದಲ ಪದಬಂಧ ಬಂತು. ಅವರು ಪತ್ರಕರ್ತರು, ತಮಾಷೆ ಪುರವಣಿಗೆ ಏನಾದ್ರೂ ಹೊಸದು ಬೇಕಿತ್ತು. ಸುಡೊಕು ಜಪಾನಿನ ಹೆಸರು ಹೊತ್ತಿದ್ರೂ, ಅದನ್ನು 1979ರಲ್ಲಿ ಮೊದಲು ಅಚ್ಚಿಗೆ ಕೊಟ್ಟಿದ್ದು ಹೊವಾರ್ಡ್ ಗಾರ್ನ್ಸ್ ಅನ್ನೋ ಅಮೆರಿಕದ ನಿವೃತ್ತ ಆರ್ಕಿಟೆಕ್ಟ್. ವರ್ಡಲ್ ಅಂತೂ ಜಾಶ್ ವಾರ್ಡಲ್ ಅನ್ನೋ ಸಾಫ್ಟ್‌ವೇರ್ ಇಂಜಿನಿಯರ್ ತನ್ನ ಸಂಗಾತಿಗೆ ಪದದಾಟ ಇಷ್ಟ ಅಂತ ಮಾಡಿದ್ದು. 2021ರಲ್ಲಿ ಎಲ್ಲರಿಗೂ ಬಿಟ್ಟರು, 2022ರ ಜನವರಿಯಲ್ಲಿ ನ್ಯೂಯಾರ್ಕ್ ಟೈಮ್ಸ್ ಕೊಂಡುಕೊಳ್ತು. ಅಂದ್ರೆ ಒಬ್ಬರು ಪುಟ ತುಂಬಿಸೋಕೆ, ಒಬ್ಬರು ಮನೆಯವರನ್ನು ನಗಿಸೋಕೆ. ಪಜಲ್ ಅಂದ್ರೆ ಮೂಲತಃ ಇನ್ನೊಬ್ಬರಿಗೆ ಅಂತ ಮಾಡೋ ವಸ್ತು.

ಇನ್ನು ನಮ್ಮ ಕಡೆ ನೋಡಿ. ಆದಿಚುಂಚನಗಿರಿ ಬೆಟ್ಟದಿಂದ ಶ್ರೀರಂಗಪಟ್ಟಣ ಎಷ್ಟು ದೂರ? ಭಾನುವಾರ ಹೋಗಿ ಸಾಯಂಕಾಲ ಹಾಸ್ಟೆಲ್ಲಿಗೆ ವಾಪಸ್ ಬರಬಹುದು. ಅಲ್ಲಿ 1794ರಲ್ಲಿ ಹುಟ್ಟಿದೋರು ಮುಮ್ಮಡಿ ಕೃಷ್ಣರಾಜ ಒಡೆಯರು. 1831ರಲ್ಲಿ ಬ್ರಿಟಿಷರು ಆಡಳಿತವನ್ನು ಅವರ ಕೈಯಿಂದ ಕಿತ್ಕೊಂಡ್ರು. ರಾಜರಿಗೆ ಆಟದ ಹುಚ್ಚು ವಿಪರೀತ. ಅವರ 'ಶ್ರೀತತ್ತ್ವನಿಧಿ'ಯ ಒಂಬತ್ತು ನಿಧಿಗಳಲ್ಲಿ ಕೊನೆಯದು 'ಕೌತುಕನಿಧಿ', ಅದು ಆಟಗಳ ಬಗ್ಗೆನೇ. ಚದುರಂಗದ ಕುದುರೆಯನ್ನು 64 ಮನೆಗೂ ಒಂದೊಂದೇ ಸಲ ಕರ್ಕೊಂಡು ಹೋಗೋ ಲೆಕ್ಕಗಳನ್ನೂ ಅವರು ಹೆಣೆದಿದ್ರು. ಸಿಎಸ್ ಬ್ರಾಂಚಿನೋರಿಗೆ ಗೊತ್ತಿರುತ್ತೆ, ಬ್ಯಾಕ್‌ಟ್ರ್ಯಾಕಿಂಗ್ ಅಂದ ತಕ್ಷಣ ಮೇಷ್ಟ್ರು ಬೋರ್ಡ್ ಮೇಲೆ ಹಾಕೋ ನೈಟ್ಸ್ ಟೂರ್. ಅದೇ ಇದು. ನಾವು ಕೋಡ್ ಕಾಪಿ ಮಾಡ್ತೀವಿ, ಅವರು ಕೈಯಲ್ಲಿ ಮಾಡಿದ್ರು.

ಈ ಕುದುರೆಗೆ ಇನ್ನೂ ಹಳೇ ಕತೆ ಇದೆ. ಒಂಬತ್ತನೇ ಶತಮಾನದ ರುದ್ರಟ ತನ್ನ 'ಕಾವ್ಯಾಲಂಕಾರ'ದಲ್ಲಿ ಅರ್ಧ ಚದುರಂಗದ ಹಲಗೆ, ಅಂದ್ರೆ 32 ಮನೆಗೆ ಒಂದೊಂದು ಅಕ್ಷರ ಇಟ್ಟು ಶ್ಲೋಕ ಬರೆದ. ಸಾಲಾಗಿ ಓದಿದ್ರೂ ಅದೇ ಶ್ಲೋಕ, ಕುದುರೆ ನಡೆಯಲ್ಲಿ ಓದಿದ್ರೂ ಅದೇ ಶ್ಲೋಕ. ಇದರ ಹೆಸರು 'ತುರಗಪದಬಂಧ'. ಅಲ್ಲಿ ಪದ ಅಂದ್ರೆ ಕುದುರೆಯ ಹೆಜ್ಜೆ. ನಮ್ಮ ಪದಬಂಧದಲ್ಲಿ ಪದ ಅಂದ್ರೆ ಮಾತು. ಆದರೆ ಒಂದು ನಿಯಮ ಎರಡಕ್ಕೂ ಒಂದೇ: ಒಂದು ಮನೆಗೆ ಒಂದು ಅಕ್ಷರ.

ಈ ನಿಯಮದಲ್ಲೇ ಇರೋದು ನಿಜವಾದ ಡಿಸೈನ್ ಸಮಸ್ಯೆ, ಇಂಜಿನಿಯರಿಂಗ್ ಓದೋ ನಮಗೆ ಅಂತಲೇ ಮಾಡಿಸಿದ ಹಾಗಿದೆ. ಇಂಗ್ಲಿಷಿನಲ್ಲಿ ಇರೋದು 26 ಅಕ್ಷರ, ಯಾವುದು ಬೇಕಾದ್ರೂ ಯಾವುದಕ್ಕೂ ಸಿಕ್ಕಿಹಾಕಿಕೊಳ್ಳುತ್ತೆ. ಕನ್ನಡದಲ್ಲಿ 'ಕ' ಬೇರೆ, 'ಕಾ' ಬೇರೆ, 'ಕ್ಕೇ' ಬೇರೆ. 'ಕಾವೇರಿ', 'ಕಿಕ್ಕೇರಿ' ಎರಡೂ 'ರಿ'ಯಲ್ಲಿ ಮುಗಿಯುತ್ತವೆ, ಅಡ್ಡ ಒಂದು ಉದ್ದ ಒಂದು ಸಲೀಸಾಗಿ ಹಾಕಬಹುದು. ಆದರೆ 'ತೂಬು', 'ಕಬ್ಬು' ನೋಡಿ. ಗದ್ದೆಯಲ್ಲಿ ಇವೆರಡೂ ಅಕ್ಕಪಕ್ಕ. ಪದಬಂಧದಲ್ಲಿ 'ಬು' ಬೇರೆ ಮನೆ, 'ಬ್ಬು' ಬೇರೆ ಮನೆ, ಸೇರೋದೇ ಇಲ್ಲ.

ಕಂಪ್ಯೂಟರ್‌ಗೆ ಹೇಳಿ ಮಾಡಿಸೋಣ ಅಂತ ಒಂದು ರಾತ್ರಿ ಪೈಥಾನ್ ತೆಗೆದು ಕೂತ್ವಿ. 'ಕನ್ನಡ' ಎಷ್ಟು ಅಕ್ಷರ ಅಂತ ಕೇಳಿದ್ರೆ 5 ಅಂತು. ನಮಗೆ ಮೂರು: ಕ, ನ್ನ, ಡ. 'ಮಂಡ್ಯ' ನಮಗೆ ಎರಡು, ಅದಕ್ಕೆ ಅದೂ 5. 'ಶ್ರೀರಂಗಪಟ್ಟಣ' ನಮಗೆ ಆರು, ಅದಕ್ಕೆ 12! ಯೂನಿಕೋಡ್ ಒತ್ತು, ಕೊಂಬು, ಸೊನ್ನೆ ಎಲ್ಲವನ್ನೂ ಬಿಡಿಬಿಡಿಯಾಗಿ ಎಣಿಸುತ್ತೆ. ನಾವು ಉಸಿರಿಗೆ ತಕ್ಕ ಹಾಗೆ ಎಣಿಸ್ತೀವಿ. ಒಂದನೇ ಕ್ಲಾಸಿನ ಮಗು ಬೆರಳು ಮಡಚಿ ಹೇಳೋದನ್ನ ಲ್ಯಾಪ್‌ಟಾಪಿಗೆ ಕಲಿಸೋಕೆ ನಮಗೆ ಎರಡು ಗಂಟೆ ಹಿಡೀತು. ಆಮೇಲೆ ಗೊತ್ತಾಯ್ತು, ನಮಗೂ ಅಕ್ಷರ ಅಂದ್ರೆ ಏನು ಅಂತ ಸರಿಯಾಗಿ ಗೊತ್ತಿರಲಿಲ್ಲ ಅಂತ. ಅನುಸ್ವಾರಕ್ಕೆ ಬೇರೆ ಮನೆ ಕೊಡಬೇಕೋ ಬೇಡವೋ ಅಂತ ಅರ್ಧ ಗಂಟೆ ಜಗಳ ಆಯ್ತು. ಹಾಸ್ಟೆಲ್ಲಿನಲ್ಲಿ ಕನ್ನಡ ವ್ಯಾಕರಣದ ಬಗ್ಗೆ ಜಗಳ! ನಮ್ಮ ಕನ್ನಡ ಟೀಚರ್ ಕೇಳಿದ್ರೆ ಕಣ್ಣೀರು ಹಾಕ್ತಿದ್ರು.

ಹೀಗೆ ಒಂದು 7 ಬೈ 7 ಹೆಣೆಯೋಕೆ ಒದ್ದಾಡಿದ ಮೇಲೆ, ಅ.ನಾ. ಪ್ರಹ್ಲಾದ ರಾವ್ ಅವರು ಕನ್ನಡದಲ್ಲಿ ಮೂವತ್ತು ಸಾವಿರಕ್ಕೂ ಹೆಚ್ಚು ಪದಬಂಧ ರಚಿಸಿದ್ದಾರೆ ಅನ್ನೋದು ನೆನೆಸಿಕೊಂಡ್ರೆ ಕೈ ತಾನಾಗಿ ಮುಗಿಯುತ್ತೆ.

ಈಗ ನೀವು ಕೇಳೋ ಪ್ರಶ್ನೆ ನಮಗೆ ಗೊತ್ತು. "ಪೇಪರ್ ಪದಬಂಧದಲ್ಲಿ ಬರೋದೆಲ್ಲ ಹಳೇ ಪದ ಮಾರಾಯ. ಆನೆ ಅಂದ್ರೆ ಗಜ, ಕರಿ. ಬೆಟ್ಟ ಅಂದ್ರೆ ನಗ. ಇದನ್ನ ಯಾರು ಮಾತಾಡ್ತಾರೆ?" ನಿಜ, ನಮಗೂ ಅದೇ ಸಿಟ್ಟಿತ್ತು. ಹೆಣೆಯೋಕೆ ಕೂತ ಮೇಲೆ ಕಾರಣ ಗೊತ್ತಾಯ್ತು. ಗ, ಜ, ನ, ರಿ ಇಂಥ ಸುಲಭದ ಮನೆಗಳು ಎಲ್ಲದಕ್ಕೂ ಹೊಂದುತ್ತವೆ. ಹೆಣೆಯೋರಿಗೆ ಅವು ಬಂಗಾರ. ಹಾಗಂತ ನಾವೂ ಗಜ-ನಗದಲ್ಲೇ ಇರಬೇಕಾಗಿಲ್ಲ. ನಮ್ಮ ಮಾತು ಹಾಕೋಣ. ಉದಾಹರಣೆಗೆ 'ಬ್ಯಾಕ್‌ಲಾಗ್'. ಕೊನೆಗೆ 'ಗ್' ಬಂತು, ಅದಕ್ಕೆ ಸೇರೋ ಕನ್ನಡ ಪದ ಹುಡುಕಿ ಸುಸ್ತಾದ್ವಿ. ಆಗ ಒಬ್ಬರಿಗೆ ಅಜ್ಜಿ ನೆನಪಾದ್ರು. ಅಜ್ಜಿ ಬಸ್ ಅನ್ನಲ್ಲ, ಬಸ್ಸು ಅಂತಾರೆ. ಬೆಂಚ್ ಅಲ್ಲ, ಬೆಂಚು. ಕಾರು, ಗೇಟು, ಪೆನ್ನು. ಕೊನೆಗೊಂದು 'ಉ' ಹಾಕಿದ್ರೆ ಇಂಗ್ಲಿಷು ಕನ್ನಡದ ಮನೆಗೆ ಬಂದು ಕೂರುತ್ತೆ. 'ಬ್ಯಾಕ್ಲಾಗು' ಅಂತ ಮಾಡಿದ್ವಿ, ಮೂರು ಮನೆ. 'ನಗು' ಜೊತೆ 'ಗು'ನಲ್ಲಿ ಸೇರ್ತು. ಬ್ಯಾಕ್‌ಲಾಗೂ ನಗುವೂ ಒಂದೇ ಕಡೆ ಸಿಗೋದು ಪದಬಂಧದಲ್ಲಿ ಮಾತ್ರ.

ನಾವು ಹಳ್ಳಿ ಮಾತು ಅಂತ ನಕ್ಕಿದ್ದು ಅಜ್ಜಿಯ ಆ 'ಉ'ಕಾರಕ್ಕೆ. ಅದು ತಪ್ಪಲ್ಲ, ಭಾಷೆಯ ಡಿಸೈನ್.

ಇನ್ನೊಂದು ಪ್ರಶ್ನೆ: "ಇದರಿಂದ ಏನು ಉಪಯೋಗ?" ಪ್ಯಾಕೇಜ್ ಜಾಸ್ತಿ ಆಗಲ್ಲ, ಮೊದಲೇ ಹೇಳಿದ್ವಿ. ಆದರೆ ಯೋಚನೆ ಮಾಡಿ. ನಾಗಮಂಗಲದ ಕಡೆ ಕೆರೆ ನಂಬಿದ ಬೇಸಾಯ. ಶ್ರೀರಂಗಪಟ್ಟಣ, ಪಾಂಡವಪುರದ ಕಡೆ ಕಾವೇರಿ ನಾಲೆ. ನಾಳೆ ನಮ್ಮಲ್ಲಿ ಯಾರೋ ಒಬ್ಬರು ನೀರಾವರಿ ಇಲಾಖೆಯ ಇಂಜಿನಿಯರ್ ಆಗಿ ಯಾವುದೋ ಏರಿ ಮೇಲೆ ನಿಂತಿರ್ತಾರೆ. ರೈತರೊಬ್ಬರು ಬಂದು "ಸಾ, ತೂಬು ಕಟ್ಕೊಂಡದೆ" ಅಂತಾರೆ. ಆಗ ನಮ್ಮ ಇಂಜಿನಿಯರ್ ಪಕ್ಕದಲ್ಲಿರೋ ಅಟೆಂಡರ್ ಮುಖ ನೋಡಬೇಕಾ? ಆ ಎರಡಕ್ಷರ ಗೊತ್ತಿಲ್ಲದೇ ಇದ್ರೆ ಅವನ ಡಿಗ್ರಿ ಆ ರೈತರ ತನಕ ತಲುಪೋದೇ ಇಲ್ಲ. ನಮಗೆ ಚಿಂತೆ ಇರೋದು ಇದೊಂದೇ. ಕನ್ನಡ ಸಾಯುತ್ತೆ ಅಂತ ನವೆಂಬರ್‌ನಲ್ಲಿ ಭಾಷಣ ಮಾಡೋರು ಇದ್ದಾರೆ. ಕನ್ನಡ ಎಲ್ಲೂ ಹೋಗಲ್ಲ, ಆಫೀಸಿನ ಅಣ್ಣನ ಹತ್ತಿರ ಚೆನ್ನಾಗೇ ಇದೆ. ಹೊರಗೆ ಉಳಿದಿರೋದು ನಾವು.

ಅದಕ್ಕೇ ನಮ್ಮ ಬೇಡಿಕೆ ಮೂರು. ಒಂದು, ಪ್ರತಿ ಸಂಚಿಕೆಗೆ ವಿದ್ಯಾರ್ಥಿಗಳೇ ಹೆಣೆದ ಒಂದು ಸಣ್ಣ ಪದಬಂಧ. ಎರಡು, ಅದರಲ್ಲಿ ಕನಿಷ್ಠ ಐದು ಪದ ನಾವು ದಿನಾ ನೋಡೋ ಜಾಗದ್ದು ಇರಬೇಕು: ವರ್ಕ್‌ಶಾಪು, ಮೆಸ್ಸು, ಗದ್ದೆ, ಬೆಳ್ಳೂರು ಕ್ರಾಸಿನ ಬಸ್‌ಸ್ಟ್ಯಾಂಡು, ಬೆಟ್ಟದ ನವಿಲು. ಮೂರು, ಹಾಕೋ ಮುಂಚೆ ಅದನ್ನು ಕನ್ನಡ ನಿಜವಾಗಿ ಗೊತ್ತಿರೋ ಒಬ್ಬರಿಗೆ ತೋರಿಸಬೇಕು. ಮೆಸ್ಸಿನ ಅಕ್ಕ ಆಗಬಹುದು, ಮನೇಲಿರೋ ತಾತ ಆಗಬಹುದು.

ಮೂರನೇದು ಯಾಕೆ ಅಂದ್ರೆ, ನಾವು ಹೆಣೆದ ಮೊದಲನೇದನ್ನ ಆಫೀಸಿನ ಅಣ್ಣನಿಗೆ ತೋರಿಸಿದ್ವಿ. ಹತ್ತು ನಿಮಿಷದಲ್ಲಿ ತುಂಬಿಸಿ, ಒಂದು ಕಡೆ ಪೆನ್ನು ನಿಲ್ಲಿಸಿದ್ರು. "ಬೆಲ್ಲ ಮಾಡುವ ಜಾಗ" ಅಂತ ಸುಳಿವು ಕೊಟ್ಟು ಉತ್ತರದ ಪಟ್ಟೀಲಿ ನಾವು 'ಅಲೆಮನೆ' ಅಂತ ಬರೆದಿದ್ವಿ.

"ಇದೇನ್ರಪ್ಪಾ, ಅಲೆಮನೆ? ಸಮುದ್ರದಲ್ಲಿ ಕಟ್ಟಿರೋ ಮನೆಯಾ?"

ಆಲೆಮನೆ. ಮಂಡ್ಯ ಜಿಲ್ಲೇಲಿ ಕೂತು ಆಲೆಮನೆ ತಪ್ಪು ಬರೆದ್ವಿ. ತಿದ್ದಿ ಕೊಟ್ಟು, "ಮುಂದಿನ ವಾರ ಇನ್ನೊಂದು ತನ್ನಿ, ಕಷ್ಟದ್ದು" ಅಂದ್ರು. ಬೋನಫೈಡ್ ಸಹಿಯೂ ಅಷ್ಟರಲ್ಲಿ ಆಗಿತ್ತು.

ಸದ್ಯಕ್ಕೆ ಮೂರು ಸುಳಿವು ಇಲ್ಲೇ ಬಿಟ್ಟು ಹೋಗ್ತಿದ್ದೀವಿ. ಗೂಗಲ್ ಮಾಡಬೇಡಿ, ಮನೆಗೆ ಫೋನ್ ಮಾಡಿ ಕೇಳಿ.

ಕೆರೆ ತುಂಬಿದ ದಿನ ಇದು ಬೀಳುತ್ತೆ, ಯಾರಿಗೂ ಪೆಟ್ಟಾಗಲ್ಲ (2).

ಕೆರೆ ನಿಲ್ಲೋದು ಇದರ ಮೇಲಲ್ಲ, ಇದರ ಹಿಂದೆ (2).

ಒಂದು ಕಾಲಕ್ಕೆ ಫ್ರೆಂಚರ ಬಂಡೆ, ಈಗ ಐವರು ಅಣ್ಣತಮ್ಮಂದಿರ ಊರು (5).