ಬಸ್ಸು ಬಿಡುವವರೆಗಿನ ಕಾಲೇಜು
ಕಾಲೇಜಿನ ಆವರಣದ ಮೇಲಿನ ಅಕ್ಕರೆಗೂ ಓದಿನ ಹುರುಪಿಗೂ ಏನು ನಂಟು ಎಂದು ಕೇಳುವವರು ಚಿಂತಾಮಣಿ ಬಳಿಯ ಕುರುಬೂರನ್ನು ನೋಡಬೇಕು. ಬೆಂಗಳೂರು ಕೃಷಿ ವಿಶ್ವವಿದ್ಯಾಲಯ 1995ರಲ್ಲಿ ರೇಷ್ಮೆ ಕೃಷಿ ಕಾಲೇಜು ತೆರೆದದ್ದು ಇಲ್ಲೇ. ರೇಷ್ಮೆಹುಳುವಿಗೆ ಭಾನುವಾರವಿಲ್ಲ; ನಾಲ್ಕು ಜ್ವರ (ಪೊರೆ ಕಳಚುವ ಹಂತ) ದಾಟಿ ಗೂಡು ಕಟ್ಟಲು ಹಣ್ಣಾಗುವ ಸುಮಾರು 25 ದಿನ, ಜ್ವರದ ಹೊತ್ತು ಬಿಟ್ಟು, ಹೊತ್ತುಹೊತ್ತಿಗೆ ಸೊಪ್ಪು ಹಾಕಬೇಕು. ಹಾಗೆ ಹುಳು ಸಾಕಿದ ವಿದ್ಯಾರ್ಥಿಗೆ ಹಿಪ್ಪುನೇರಳೆ ತೋಟ ತನ್ನದಾಗದೆ ಇದ್ದೀತೇ? ಶಿಡ್ಲಘಟ್ಟದ ಗೂಡಿನ ಮಾರುಕಟ್ಟೆಯೂ ದೂರವಿಲ್ಲ. ಪಾಠದ ಬೆಲೆ ಹರಾಜಿನಲ್ಲೇ ಕಾಣುತ್ತದೆ. ಗೌರಿಬಿದನೂರು ತಾಲ್ಲೂಕಿನ ಹೊಸೂರಿನ ಎಚ್. ನರಸಿಂಹಯ್ಯನವರಂತೂ ಬಸವನಗುಡಿಯ ನ್ಯಾಷನಲ್ ಕಾಲೇಜಿನಲ್ಲಿ ಪಾಠ ಹೇಳಿ, ಅಲ್ಲೇ ಪ್ರಾಂಶುಪಾಲರಾಗಿ, ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾದ ಮೇಲೂ ಹಾಸ್ಟೆಲ್ ಕೋಣೆ ಬಿಡಲಿಲ್ಲ. (ಎಲ್ಲರೂ ಅಷ್ಟು ದೂರ ಹೋಗಬೇಕಿಲ್ಲ, ಬಿಡಿ.) ಆದರೆ ಹಳ್ಳಿಯಿಂದ ಚಿಕ್ಕಬಳ್ಳಾಪುರಕ್ಕೆ ದಿನವೂ ಓಡಾಡುವ ಹುಡುಗ ಹುಡುಗಿಯರ ದಿನವನ್ನು ಅಳೆಯುವುದು ಬಸ್ಸು. ಕೊನೆಯ ಪೀರಿಯಡ್ ಮುಗಿದರೆ ನಿಲ್ದಾಣಕ್ಕೆ ಓಟ. ಗ್ರಂಥಾಲಯ, ಮೈದಾನ, ನಾಟಕದ ತಾಲೀಮು ಯಾವುದಕ್ಕೂ ಹೊತ್ತಿಲ್ಲ. ಅವರಿಗೆ ಆಸಕ್ತಿಯೇ ಇಲ್ಲವೆಂದು ದೂರುವುದು ಅನ್ಯಾಯ. ಶಿಡ್ಲಘಟ್ಟ ತಾಲ್ಲೂಕಿನ ಅಮರಾವತಿಯಲ್ಲಿ ಬೆಂಗಳೂರು ಉತ್ತರ ವಿಶ್ವವಿದ್ಯಾಲಯದ ಹೊಸ ಆವರಣ ಕಟ್ಟುವವರು ಗೋಡೆಗಳ ಜೊತೆಗೆ ಮರದ ನೆರಳು, ಹಾಸ್ಟೆಲ್ ಮತ್ತು ಸಂಜೆ ಏಳರ ಬಸ್ಸನ್ನೂ ಲೆಕ್ಕಕ್ಕೆ ಹಿಡಿಯಲಿ.